ಹರಿಗೋಲು ಸಂಘಕ್ಕೆ ನಾನು ಇತಿಹಾಸ ಬರೆದದ್ದು

ಇತಿಹಾಸ ಬರೆಯುವುದು ಬಹಳ ಸುಲಭ ಎಂದು ನಾನು ತಿಳಿದಿದ್ದೆ. ಆಗಿಹೋದದ್ದನ್ನು ಬರೆದರಾಯಿತು, ಹೊಸದಾಗಿ ಏನನ್ನೂ ಹುಟ್ಟಿಸಬೇಕಾಗಿಲ್ಲವಲ್ಲ! ಎಪ್ಪತ್ತರ ದಶಕದ ಕೊನೆಯಲ್ಲಿ ದೇವದುರ್ಗ ತಾಲ್ಲೂಕಿನ ಗೂಗಲ್ ಎಂಬ ಊರಿನಲ್ಲಿ ಮಾಸ್ತರನಾಗಿದ್ದಾಗ ಈ ನಂಬಿಕೆ ಬಹಳ ಗಟ್ಟಿಯಾಗಿತ್ತು.

ಊರಿಗೆ ಹತ್ತಿಕೊಂಡೇ ಕೃಷ್ಣಾ ನದಿ. ಜನರನ್ನು ಆಚೆ ದಡಕ್ಕೆ ದಾಟಿಸುವ ಹರಿಗೋಲಿನವರು ಕೂಡಿ ಒಂದು ಸಂಘ ಮಾಡಿಕೊಂಡಿದ್ದರು. ಊರವರ ಬಾಯಲ್ಲಿ ಅದು ಅರಗೋಲು ಸಂಘ. ನನ್ನ ಕೈಗೆ ಸಿಕ್ಕ ಮೇಲೆ ‘ಕೃಷ್ಣಾತೀರದ ಜಲಸಾರಿಗೆ ವೃತ್ತಿನಿರತರ ಸಂಘ’ ಎಂದಾಯಿತು. ಅಧ್ಯಕ್ಷ ಹನುಮಂತಪ್ಪಜ್ಜ ಆ ಹೆಸರು ಹೇಳುವಾಗ ನಡುವೆ ಒಂದು ಸಲ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ.

ಆ ವರ್ಷ ನದಿ ದಾಟಿಸುವ ಹಕ್ಕನ್ನು ಹೊರಗಿನ ಗುತ್ತೇದಾರನೊಬ್ಬನಿಗೆ ಕೊಡುವ ಮಾತು ನಡೆದಿತ್ತು. ಕೊಟ್ಟರೆ ಅಜ್ಜನ ಕಡೆಯವರೆಲ್ಲ ತಮ್ಮ ಹೊಳೆಯಲ್ಲೇ ಅವನ ಆಳುಗಳಾಗುತ್ತಿದ್ದರು. ಸಂಘ ಹಳೆಯದೆಂದು ಬರವಣಿಗೆಯಲ್ಲಿ ತೋರಿಸಿದರೆ ತಾವೇ ಬಂದು ನೋಡಿ ತೀರ್ಮಾನಿಸುವುದಾಗಿ, ಹಕ್ಕು ಕೊಡುವ ರಾಯಚೂರಿನ ಸಾಹೇಬರು ಹೇಳಿಕಳಿಸಿದರು. ಅಜ್ಜ ನೇರ ನನ್ನ ಮನೆಗೆ ಬಂದ.

“ಮಾಸ್ತರ, ನಮ್ಮ ಅನ್ನ ನಿಮ್ಮ ಕೈಯಾಗ ಅದ ನೋಡ್ರಿ.”

“ಚಿಂತಿ ಬಿಡಜ್ಜಾ. ಎರಡು ದಿನದಾಗ ಇತಿಹಾಸ ತಯಾರ್!”

ಮೊದಲ ಪ್ರಶ್ನೆಗೇ ಮುಗ್ಗರಿಸಿದೆ. ಸಂಘ ಶುರುವಾದದ್ದು ಯಾವಾಗ? ಒಬ್ಬ “ದೊಡ್ಡ ಹೊಳಿ ಬಂದ ವರ್ಷ” ಎಂದ. ಇನ್ನೊಬ್ಬ “ಅಲ್ಲ, ನನ್ನ ಲಗ್ನದ ಮರುವರ್ಷ” ಎಂದ. ಅವನ ಲಗ್ನ ಯಾವಾಗ ಆಯಿತೆಂದು ಅವನ ಹೆಂಡತಿಗೂ ನೆನಪಿರಲಿಲ್ಲ. ಕೊನೆಗೆ ಅಜ್ಜ ದಡದಲ್ಲಿ ಬೋರಲು ಹಾಕಿದ್ದ ತನ್ನ ಹರಿಗೋಲು ತೋರಿಸಿದ.

“ಸಂಘ ಮಾಡಿದ ವರ್ಷ ಕಟ್ಟಿದ್ದು ಇದು. ಬಿದರಿನ ಬುಟ್ಟಿಗೆ ತೊಗಲು ಬಿಗಿದು, ವರ್ಷಕ್ಕೊಂದು ಸಲ ಡಾಂಬರ್ ಬಳೀತೀವಿ. ಎಷ್ಟು ಸಲ ಬಳದೀವೋ ಅಷ್ಟು ವರ್ಷ ಅಂತ ಬರಕೋರಿ.”

ಅಜ್ಜ ಮಾತಿಗೆ ಹೇಳಿದ್ದು. ನಾನು ಸಂಶೋಧನೆಗೆ ಇಳಿದೆ!

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಪೆನ್ಸಿಲ್ ಹೆರೆಯುವ ಚಾಕು ಹಿಡಿದು ಹರಿಗೋಲಿನ ತಳ ಕೆರೆಯತೊಡಗಿದೆ. ಡಾಂಬರಿನ ಪದರಗಳ ನಡುವೆ ಹೊಳೆಯ ಉಸುಕು ತೆಳ್ಳಗೆ ಕಾಣುತ್ತಿತ್ತು. ಒಂದು, ಎರಡು, ಮೂರು... ಏಳು! ಎಂಟನೆಯದನ್ನು ಹುಡುಕುವ ಹುರುಪಿನಲ್ಲಿ ಚಾಕು ತೊಗಲನ್ನೂ ದಾಟಿ ಬಿದಿರಿಗೆ ತಾಗಿತು. ಇತಿಹಾಸದ ತಳ ಮುಟ್ಟಿದೆನೆಂದು ಹಿಗ್ಗಿದೆ. ಬಿಸಿಲಿಗೆ ಮೆತ್ತಗಾಗಿದ್ದ ಡಾಂಬರನ್ನು ಹೆಬ್ಬೆರಳಿನಿಂದ ತೂತಿನ ಮೇಲೆ ಸವರಿ ಮನೆಗೆ ಬಂದೆ.

ನನ್ನ ಧೋತರ ನೋಡಿ ಹೆಂಡತಿ ಶರಣಮ್ಮ ಸೊಂಟದ ಮೇಲೆ ಕೈಯಿಟ್ಟಳು.

“ಇತಿಹಾಸ ಬರ್ಯಾಕ ಹೋಗಿದ್ರೋ, ರಸ್ತೆ ಮಾಡಾಕ ಹೋಗಿದ್ರೋ?”

ನಡೆದದ್ದನ್ನು ಹೇಳಿದೆ.

“ಅಯ್ಯ ಯವ್ವಾ! ಅಜ್ಜಗ ಹೇಳೀರಿಲ್ಲೋ?”

“ನಾಳಿ ಹೇಳ್ತೀನಿ. ಮೊದಲು ಬರವಣಿಗಿ ಮುಗೀಲಿ.”

ಬರವಣಿಗೆ ಮುಗಿಯಿತು. ಎಂಟು ಹಾಳೆ! ಆದರೆ ಮರುದಿನ ನಾನು ದಡಕ್ಕೆ ಹೋಗುವುದರೊಳಗೆ ಸಾಹೇಬರ ಜೀಪು ಬಂದು ನಿಂತಿತ್ತು. ಆಚೆ ದಡಕ್ಕೆ ಹೋಗಿ ಬರೋಣ ಎಂದರು ಸಾಹೇಬರು. ಅಜ್ಜ ಅದೇ ಹರಿಗೋಲನ್ನು ನೀರಿಗೆ ಇಳಿಸಿದ.

“ಅಜ್ಜಾ, ಬ್ಯಾರೆದರಾಗ ಹೋದ್ರ?” ಎಂದು ಅವನ ಕಿವಿಯಲ್ಲಿ ಉಸುರಿದೆ.

“ಸಾಹೇಬರನ್ನ ಹೊಸದರಾಗ ಕುಂದರಿಸಿದ್ರ ಸಂಘ ಹಳೇದು ಅಂತ ಹ್ಯಾಂಗ ನಂಬ್ತಾರ್ರೀ?”

ಸಾಹೇಬರ ಎದುರು ನಿಜ ಹೇಳುವಂತಿರಲಿಲ್ಲ. ಒಂದೇ ದಾರಿ ಉಳಿದಿತ್ತು. ಎಲ್ಲರಿಗಿಂತ ಮೊದಲು ಹತ್ತಿ, ತೂತಿನ ಮೇಲೆ ಗಟ್ಟಿಯಾಗಿ ಕುಳಿತೆ!

ಹರಿಗೋಲಿನಲ್ಲಿ ಯಾರ ಭಾರ ಎಲ್ಲಿ ಎಂಬುದನ್ನು ಹುಟ್ಟು ಹಾಕುವವನೇ ನಿರ್ಧರಿಸಬೇಕು. ಅಲ್ಲಿ ತಹಶೀಲ್ದಾರನೂ ಅವನ ಮಾತು ಕೇಳಬೇಕು.

“ಮಾಸ್ತರ, ಈ ಕಡಿ ಸರೀರಿ.”

“ನನಗ ಇಲ್ಲೇ ಚೊಲೋ ಅದ ಅಜ್ಜಾ.”

“ಸರೀರಿ ಅಂದ್ರ!”

ನಾನು ಕದಲಲಿಲ್ಲ. ಅಜ್ಜ ಗೊಣಗುತ್ತ ಸಾಹೇಬರನ್ನೇ ಆಚೆ ಸರಿಸಿದ. ಕೆಳಗೆ ತಣ್ಣಗಾಗುತ್ತಿತ್ತು, ಆದರೂ ಮುಖದಲ್ಲಿ ನಗು ಇಟ್ಟುಕೊಂಡೆ. ನಡುನೀರಿಗೆ ಬಂದಾಗ ಸಾಹೇಬರೆಂದರು, “ಎಲ್ಲಿ, ನಿಮ್ಮ ಇತಿಹಾಸ ಓದಿ ಮಾಸ್ತರೇ.”

ಆ ಕಾಲದ ಮಾಸ್ತರ ನಾನು. ಸಾಹೇಬರ ಮುಂದೆ ಕೂತು ಓದುವುದುಂಟೆ? ಅಭ್ಯಾಸಬಲದಿಂದ ಎದ್ದು ನಿಂತುಬಿಟ್ಟೆ!

“ಸಪ್ತವರ್ಷಗಳ ಸುದೀರ್ಘ ಪರಂಪರೆಯುಳ್ಳ ಈ ಸಂಘದ ಹರಿಗೋಲುಗಳಲ್ಲಿ ಇಂದಿನವರೆಗೆ ಒಂದು ಹನಿ ನೀರೂ...”

ನೀರು ಮೊಣಕಾಲೆತ್ತರಕ್ಕೆ ಚಿಮ್ಮಿತು. ಹರಿಗೋಲು ವಾಲಾಡಿತು. ಸಾಹೇಬರು ಹೌಹಾರಿ ನನ್ನ ಧೋತರ ಹಿಡಿದರು, ನಾನು ಅವರ ಹೆಗಲು ಹಿಡಿದೆ.

“ಕುಂದರ್ರೀ ಮಾಸ್ತರ!” ಎಂದು ಅಜ್ಜ ಗುಡುಗಿದ. ಒಂದು ಕೈಯಿಂದ ಹುಟ್ಟು ಹಾಕುತ್ತಲೇ ತಲೆಯ ರುಮಾಲು ಬಿಚ್ಚಿ ತೂತಿಗೆ ತುರುಕಿದ. ಸಾಲಲಿಲ್ಲ. ನನ್ನ ಕೈಯಲ್ಲಿದ್ದ ಎಂಟೂ ಹಾಳೆಗಳನ್ನು ಕಿತ್ತು, ಉಂಡೆ ಮಾಡಿ ಅದರ ಮೇಲೆ ತುರುಕಿದ. ನೀರು ನಿಂತಿತು! “ಸಾಹೇಬ್ರ, ಬೂಟು ಬಿಚ್ರಿ, ಅದರಾಗ ನೀರು ಮೊಗದು ಹೊರಗ ಚೆಲ್ರಿ” ಎಂದ. ಸಾಹೇಬರು ಬೂಟಿನಿಂದ ನೀರು ಮೊಗೆದು ಚೆಲ್ಲಿದರು.

ತಿರುಗಿ ಊರ ದಡ ಸೇರಿದ ಮೇಲೆ ಸಾಹೇಬರು ಪ್ಯಾಂಟು ಹಿಂಡುತ್ತ ಬಹಳ ಹೊತ್ತು ನಕ್ಕರು. “ಮುಳುಗುವ ಹರಿಗೋಲನ್ನು ಹೀಗೆ ದಡ ಮುಟ್ಟಿಸುವವರಿಗೆ ಇತಿಹಾಸ ಯಾಕೆ? ಹಕ್ಕು ಸಂಘಕ್ಕೇ ಇರಲಿ” ಎಂದರು. ಅಜ್ಜನ ಕಣ್ಣಲ್ಲಿ ನೀರಾಡಿತು. ನನಗೂ ಅಳು ಬಂತು. ನನ್ನದು ಬೇರೆ ಕಾರಣಕ್ಕೆ. ಅಜ್ಜ ಆಗಲೇ ಹರಿಗೋಲು ಬೋರಲು ಹಾಕಿ, ಚಾಕುವಿನ ಗೀರುಗಳ ಮೇಲೆ ಬೆರಳಾಡಿಸುತ್ತಿದ್ದ.

ಒಪ್ಪಿಕೊಂಡೆ. ಸಂಘದವರು ನನ್ನನ್ನು ಬೈಯಲಿಲ್ಲ, ಅಲ್ಲೇ ಸಭೆ ಕೂಡಿದರು. ಮಾಸ್ತರರನ್ನು ಹರಿಗೋಲಿನ ಹತ್ತಿರ ಒಬ್ಬರನ್ನೇ ಬಿಡಕೂಡದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಇದು ಕಾಗದದ ಮೇಲೆ ಬರಲೇಬೇಕೆಂದು ಅಜ್ಜ ಹಟ ಹಿಡಿದ. ಆ ಸಂಘದಲ್ಲಿ ಅಕ್ಷರ ಬಲ್ಲವರು ಯಾರೂ ಇರಲಿಲ್ಲ.

ನಾನೇ ಬರೆದುಕೊಟ್ಟೆ. ಅಜ್ಜ ಎರಡು ಸಲ ಓದಿಸಿ ಕೇಳಿ, ಹೆಬ್ಬೆಟ್ಟು ಒತ್ತಿದ.