ಅರ್ಧ ಕಾಯಿಲ್‌ನ ಉಳಿತಾಯ

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಗುಣಿಸಿದರೆ ಶಕ್ತಿ. ಇಷ್ಟೇ! ಇದಕ್ಕೆ ಜನ ಯಾಕೆ ಹೆದರುತ್ತಾರೋ ಎಂದು ಇಳಕಲ್ಲಿನ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುವ ನನಗೆ ಅಚ್ಚರಿಯಾಗುತ್ತಿತ್ತು. ವಿಜ್ಞಾನದ ಸರ್ ರಜೆ ಹಾಕಿದಾಗ ಅವರ ತರಗತಿಯನ್ನೂ ನಾನೇ ನಿಭಾಯಿಸಿದ್ದೆ. ಯಾರೂ ಪ್ರಶ್ನೆ ಕೇಳಿರಲಿಲ್ಲ. ಅದನ್ನೇ ನನ್ನ ಪಾಂಡಿತ್ಯ ಎಂದುಕೊಂಡಿದ್ದೆ.

ನನ್ನ ಹೆಂಡತಿ ಶಾಂತಾ ಮಗ್ಗದ ಮನೆಯ ಮಗಳು. ಅವಳ ಅಣ್ಣನ ಮಗಳ ಮದುವೆ ಸೀರೆಯ ಸೆರಗಿನ ರೇಷ್ಮೆಗೆ ಕೆಂಪು ಬಣ್ಣ ಹಾಕಬೇಕಿತ್ತು. ಮರುದಿನ ಬೆಳಿಗ್ಗೆ ಎಳೆ ಮಗ್ಗಕ್ಕೆ ಏರಲೇಬೇಕು. ಅಡುಗೆಮನೆಯೊಳಗೆ ಬಣ್ಣದ ಬೋಗುಣಿಗೆ ಪ್ರವೇಶವಿಲ್ಲ. ಹಿತ್ತಲಿನ ಕರೆಂಟ್ ಒಲೆಯೇ ಗತಿ. ರೇಷ್ಮೆಯ ಲಡಿ ನೆನೆಸಿಟ್ಟು ಸ್ವಿಚ್ ಒತ್ತಿದರೆ, ಒಲೆಯ ಕಾಯಿಲ್ ತುಂಡು!

"ಪ್ಯಾಟಿಗಿ ಹೋಗಿ ಹೊಸಾದು ತರ್ರಿ" ಎಂದಳು.

"ಯಾಕ? ದಿನಾ ಎಷ್ಟು ಎಳಿ ಹರೀತಾವು, ಗಂಟು ಹಾಕ್ತಿ. ಇದೂ ಒಂದು ಎಳಿನ."

ಮಗ್ಗದ ಮನೆಯ ಅಳಿಯನಿಗೆ ಹರಿದದ್ದನ್ನು ಕೂಡಿಸಲು ಬಾರದೇ! ಸುಟ್ಟು ಕರಕಲಾದ ಅರ್ಧ ಕಾಯಿಲ್ ಕಿತ್ತೊಗೆದೆ. ಉಳಿದ ತುಂಡುಗಳನ್ನು ಗಂಟು ಹಾಕಿ, ಎಳೆದೆಳೆದು ಒಲೆಯ ತುಂಬ ಹರಡಿದೆ.

"ಅರ್ಧಾನ ಒಗದ್ರೆಲ್ರಿ!" ಎಂದಳು ಗೋಡೆಯಾಚೆಯಿಂದ ನೆರೆಮನೆಯ ಕಾಶವ್ವ.

"ಅದ ಲಾಭ, ಕಾಶವ್ವಾರ!"

ಹಾಸುಗಲ್ಲಿನ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದೆ. ಈ ಒಲೆಯನ್ನು ವಿಜ್ಞಾನದ ಸರ್ ಹಿಂದೊಮ್ಮೆ ಮೀಟರ್ ಹಿಡಿದು ಅಳೆದಿದ್ದರು: ವೋಲ್ಟೇಜ್ ಇನ್ನೂರು, ಕರೆಂಟ್ ನಾಲ್ಕು. ಅಂದರೆ ರೋಧ ಐವತ್ತು, ಶಕ್ತಿ ಎಂಟುನೂರು ವ್ಯಾಟ್. ಈಗ ಕಾಯಿಲ್ ಅರ್ಧ, ರೋಧ ಇಪ್ಪತ್ತೈದು. ಕರೆಂಟ್ ಅದೇ ನಾಲ್ಕು. ಕರೆಂಟನ್ನು ಕರೆಂಟಿನಿಂದಲೇ ಗುಣಿಸಿ, ಮತ್ತೆ ರೋಧದಿಂದ ಗುಣಿಸಿದರೂ ಶಕ್ತಿಯೇ: ನಾಲ್ಕು ನಾಲ್ಕಲೆ ಹದಿನಾರು. ಅದಕ್ಕೆ ಇಪ್ಪತ್ತೈದರಿಂದ ಗುಣಾಕಾರ.

"ನಾಕನೂರು ವ್ಯಾಟ್! ರೇಷ್ಮಿಗಿ ಸಣ್ಣ ಉರಿನ ಬೇಕಲ್ಲಾ?"

ಸ್ವಿಚ್ ಒತ್ತಿದೆ. ಕಾಯಿಲ್ ಕೆಂಪಾಯಿತು, ಕಿತ್ತಳೆಯಾಯಿತು, ಆಮೇಲೆ ನಡುಹಗಲ ಸೂರ್ಯನಿಗೇ ಸವಾಲು ಹಾಕಿತು. ಫ್ಯೂಸ್ ಢಬ್ ಎಂದಿತು.

"ಫ್ಯೂಸಿನ ತಂತಿ ಭಾಳ ಸಣ್ಣದೈತಿ" ಎಂದು ತೀರ್ಪು ಕೊಟ್ಟು, ಮೂರೆಳೆ ಹೊಸೆದು ಹಾಕಿದೆ. ಈ ಸಲ ಫ್ಯೂಸ್ ಹೋಗಲಿಲ್ಲ! ಶಾಂತಾ ಲಡಿಯನ್ನು ಬಣ್ಣಕ್ಕೆ ಇಳಿಸಿದಳು. "ನೀ ಒಳಗ ಹೋಗು, ನಾ ನೋಡ್ಕೋತೇನಿ" ಎಂದು ಅವಳನ್ನು ಕಳಿಸಿ, ಕಾಶವ್ವನಿಗೆ ಸೂತ್ರ ವಿವರಿಸುತ್ತ ನಿಂತೆ. ತಿರುಗಿ ನೋಡಿದರೆ ಬಣ್ಣದ ನೀರು ಕೊತಕೊತ ಕುದಿದು ಗೋಡೆಗೆ ಹಾರುತ್ತಿದೆ, ಸ್ವಿಚ್ ಕರಗಿ ಇಳಿಯುತ್ತಿದೆ! ಓಡಿಬಂದು ಮೇನ್ ಇಳಿಸಿದವಳು ಶಾಂತಾ. ನಾನು "ಲೆಕ್ಕದ ಪ್ರಕಾರ ಹೀಂಗ ಆಗಬಾರದು" ಎಂದು ಪ್ರತಿಭಟಿಸುತ್ತಿದ್ದೆ.

ವೈರಿಂಗ್ ಕೆಲಸದ ಮಲ್ಲಪ್ಪ ಬಂದ. ಮೊದಲು ಓದಿದ್ದು ಹಾಸುಗಲ್ಲನ್ನು.

"ಸರ, ಕರೆಂಟ್ ನಿಮ್ಮ ಮಾತು ಕೇಳಿ ನಾಕಕ್ಕ ಕುಂದ್ರತೈತೇನ್ರಿ? ವೋಲ್ಟೇಜ್ ಅಷ್ಟ ಇರ್ತೈತಿ. ಅಡ್ಡಿ, ಅಂದ್ರ ನಿಮ್ಮ ರೋಧ, ಅರ್ಧ ಆತಂದ್ರ ಕರೆಂಟ್ ಎರಡು ಪಟ್ಟು. ಎಂಟು. ಈಗ ಹೇಳ್ರಿ, ಇನ್ನೂರ ಎಂಟ್ಲೆ?"

"ಸಾವಿರದ ಆರುನೂರು" ಎಂದೆ, ಕೈಕಟ್ಟಿ.

"ನಾಕನೂರಂತ ಹೇಳಿ ಹದಿನಾರನೂರು ಹಚ್ಯಾರ!" ಎಂದಳು ಶಾಂತಾ. "ಸಾಲ್ಯಾಗ ಹುಡುಗ್ರಿಗೂ ಹೀಂಗ ಹೇಳೀರೇನು?"

ಹೇಳಿದ್ದೆ.

ಲಡಿ ಹೊರಬಂದಾಗ ಒಂದು ಮಗ್ಗುಲು ಇಟ್ಟಿಗೆಯ ಬಣ್ಣ, ಇನ್ನೊಂದು ಮಗ್ಗುಲು ಗುಲಾಬಿ. ಶಾಂತಾ ಗುಳೇದಗುಡ್ಡದ ತಂಗಿಗೆ ಫೋನ್ ಮಾಡಿ ಸಂಜೆಯ ಬಸ್ಸಿಗೆ ಬೇರೆ ರೇಷ್ಮೆ ತರಿಸಿಕೊಂಡಳು. ಕಾಶವ್ವನ ಕಟ್ಟಿಗೆ ಒಲೆಯ ಮೇಲೆ ಬಣ್ಣ ಏರತೊಡಗಿತು. ಪ್ರಾಯಶ್ಚಿತ್ತವೆಂದು ಉರಿ ನೋಡಿಕೊಳ್ಳಲು ಮುಂದಾದೆ.

"ನೀವು ಅತ್ಲಾಗ ದೂರ ಕೂಡ್ರಿ!" ಎಂದರು ಇಬ್ಬರೂ.

ಕೂತೆ. ಆ ಮದುವೆ ಸೀರೆಗೆ ನನ್ನಿಂದಾದ ಒಂದೇ ಒಂದು ಉಪಕಾರ ಅದು.