ಶುಕ್ರವಾರದ ಸರಪಂಚರು

ಗೋವಾದ ಸಾಂಗೆ ತಾಲೂಕಿನ ನಮ್ಮ ಪಂಚಾಯತಿಯಲ್ಲಿ ಯಾರೂ ಕುರ್ಚಿಗೆ ಅಂಟಿಕೊಂಡು ಕೂರುವುದಿಲ್ಲವೆಂದು ಈ ಮೂಲಕ ಹೆಮ್ಮೆಯಿಂದ ತಿಳಿಯಪಡಿಸಲಾಗಿದೆ. ೨೦೦೭ರಲ್ಲಿ ಆರಿಸಿ ಬಂದ ಪಂಚರು ಏಳು ಮಂದಿ, ಏಳೂ ಮಂದಿಗೆ ಸರಪಂಚರಾಗುವ ಆಸೆ. ಮೊದಲು ಒಬ್ಬೊಬ್ಬರಿಗೆ ಎಂಟು ತಿಂಗಳೆಂದು ಒಪ್ಪಂದವಾಯಿತು. ಅಷ್ಟು ಕಾಯುವ ತಾಳ್ಮೆ ಯಾರಿಗಿತ್ತು? ಅವಧಿ ತಿಂಗಳಿಗಿಳಿಯಿತು, ವಾರಕ್ಕಿಳಿಯಿತು, ಕೊನೆಗೆ ಒಬ್ಬರಿಗೆ ಒಂದು ದಿನವೆಂದು ಠರಾವಾಯಿತು. ರವಿವಾರದ ಸರಪಂಚರ ಮೇಲೆ ಈತನಕ ಒಂದೂ ದೂರಿಲ್ಲ; ಅಂದು ಕಚೇರಿಗೆ ರಜೆ.

ಕಾರ್ಯದರ್ಶಿಗಳೂ ಹಿಂದೆ ಬೀಳದೆ ತಿಂಗಳಿಗೊಬ್ಬರಂತೆ ಬದಲಾದರು. ಆದಕಾರಣ, ಕಚೇರಿಯ ಕೀಲಿಕೈಯನ್ನು ಬಹುಕಾಲ ಉಳಿಯುವವರ ಬಳಿಯೇ ಇಡತಕ್ಕದ್ದೆಂದು ಇನ್ನೊಂದು ಠರಾವು. ಹುಡುಕಿದರೆ ಅಂಥವರು ಒಬ್ಬರೇ: ಕಸ ಗುಡಿಸುವ ಭಾಗವ್ವ. ಆಕೆ ಹದಿನಾಲ್ಕು ವರ್ಷಗಳಿಂದ ಹಂಗಾಮಿ. ಎಂಬತ್ತೊಂಬತ್ತು ದಿನ ಕೆಲಸ, ತೊಂಬತ್ತನೆಯ ದಿನ ಕಡ್ಡಾಯ ಬಿಡುವು, ಮರುದಿನ ಹೊಸ ನೇಮಕ. ಬಿಡುವಿನ ದಿನ ಕಸಬರಿಗೆ ಮುಟ್ಟಿದರೂ ಕಾಯಂ ಆಗುವ ಹಕ್ಕು ಹುಟ್ಟುತ್ತದಂತೆ. ಮುಟ್ಟಿದವರನ್ನು ಮತ್ತೆ ನೇಮಿಸುವುದಿಲ್ಲ.

ಮರುವರ್ಷದ ಜೂನ್‌ನಲ್ಲಿ ಆಕೆಯ ಮಗಳು ಅಂಬಿಕಾಳಿಗೆ ಹನ್ನೊಂದನೆಯ ತರಗತಿ ಸೇರಲು ವಾಸದ ದಾಖಲೆ ಬೇಕಾಯಿತು. ಕೊನೆಯ ದಿನ ಶುಕ್ರವಾರ. ಸೋಮವಾರದ ಸರಪಂಚರು ಅರ್ಜಿ ತೆಗೆದುಕೊಂಡರು. ಮಂಗಳವಾರದವರು ಅದು ಹಿಂದಿನ ಆಡಳಿತದ್ದೆಂದು ಹೊಸದು ಬರೆಸಿದರು. ಬುಧವಾರದವರು, ಭಾಗವ್ವ ತಂದುಕೊಟ್ಟ ಚಹಾ ಕುಡಿಯುತ್ತ, ಆಕೆ ಈ ಊರಲ್ಲಿರುವುದಕ್ಕೆ ಸಾಕ್ಷಿ ಕೇಳಿದರು. ಗುರುವಾರದವರು ಮಡಗಾಂವಿಗೆ ಮದುವೆಗೆ ಹೋಗಿದ್ದರು.

ಶುಕ್ರವಾರದವರು ವಿಜಾಪುರ ಕಡೆಯಿಂದ ಬಂದು ನೆಲೆಸಿದ ಶಂಕರಲಿಂಗ, ಭಾಳ ಕರುಳಿನ ಮನುಷ್ಯ. ಕಚೇರಿಯ ಕಟ್ಟೆಯ ಮೇಲೆಯೇ ಕೂತು ಸಹಿ ಹಾಕಿಬಿಟ್ಟರು.

“ಇನ್ನ ಶಿಕ್ಕಾ ಹೊಡಿಯೂದೊಂದ ಉಳೀತು. ಒಳಗ ಕಪಾಟದಾಗ ಐತಿ. ಬಾಗಲಾ ತಗಿ, ಭಾಗವ್ವ.”

“ಇವತ್ತ ತೊಂಬತ್ತನೇ ದಿನಾರೀ. ನಾ ಕೆಲಸದಾಗ ಇಲ್ಲ.”

“ಹಂಗಾರ ಕೀಲಿಕೈ ನನ್ನ ಕೈಯಾಗ ಕೊಡು.”

“ಕೊಟ್ರ ಅದೂ ಕೆಲಸಾನ ಆಗತೈತ್ರಿ ಸಾಹೇಬ್ರ. ನಾಳಿ ನನ್ನ ತಗೋತೀರೇನು?”

“ನಾಳಿ ನಾ ಎಲ್ಲಿ ಸರಪಂಚ?”

“ಯವ್ವಾ, ನನ್ನ ಸಾಲಿ?” ಅಂಬಿಕಾ ಅಳತೊಡಗಿದಳು. ಭಾಗವ್ವನ ಸೊಂಟದ ಕೀಲಿಕೈತನಕ ಹೋದ ಕೈ ಹಿಂದೆ ಬಂತು. ಆ ಕೆಲಸದಿಂದಲೇ ಮನೆಯ ಒಲೆ ಹೊತ್ತಬೇಕು.

ಖರೇ ಅಂದರ ಖರೇ, ಆಕೆಯ ನಡತೆ ನಿಯಮಬದ್ಧವಾಗಿದೆಯೆಂದು ಬೀಳ್ಕೊಡುಗೆಗೆಂದು ನೆರೆದಿದ್ದ ಪಂಚರೆಲ್ಲ ಮೆಚ್ಚಿದರು. ಅಂಬಿಕಾ ಮುಂದಿನ ವರ್ಷ ಸೇರತಕ್ಕದ್ದೆಂದು ಸರ್ವಾನುಮತದಿಂದ ಠರಾವಾಯಿತು.

ಸಂಜೆ ಐದಕ್ಕೆ ಶಂಕರಲಿಂಗರ ಅವಧಿ ಮುಗಿಯಿತು. ಬೀಳ್ಕೊಡುಗೆಯ ಭಾಷಣ ಕಟ್ಟೆಯ ಮೇಲೆಯೇ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಭಾಗವ್ವನೂ ತಟ್ಟಲು ಹೋಗಿ, ಎಲ್ಲಿ ಅದೂ ಕೆಲಸವಾದೀತೋ ಎಂದು ಕೈ ಇಳಿಸಿದಳು.