ಹಡಗಿನಲ್ಲಿ ಏಳು ಬಾಟಲಿ ಟಾನಿಕ್

ಈ ಪ್ರಯಾಣ ಮುಗಿಸಿ ನೆಲಕ್ಕೆ ಕಾಲಿಡುವಾಗ ತಾನು ವೈನ್ ಪಂಡಿತನಾಗಿಯೇ ಇಳಿಯುವುದು ಎಂದು ಮೂರ್ಹೊತ್ತಣ್ಣ ಹಡಗು ಹತ್ತಿದ ಅರ್ಧ ಗಂಟೆಯಲ್ಲೇ ಶಪಥ ಮಾಡಿಬಿಟ್ಟ. ಅದೇನು ಸಾಮಾನ್ಯ ಶಪಥವೇ? ಡೆಕ್ಕಿನ ಕಂಬಿ ಹಿಡಿದು, ಇಡೀ ಸಮುದ್ರವನ್ನು ಸಾಕ್ಷಿಗೆ ಕರೆದು, ಹೆಂಡತಿಯ ಮುಂದೆ ಎದೆಯುಬ್ಬಿಸಿ ಮಾಡಿದ ಘೋರ ಶಪಥ!

“ಮೂವತ್ತು ವರ್ಷದಿಂದ ಈ ಮೂಗಿನ ಮೇಲೇ ಅಂಗಡಿ ನಡೆಸಿದ್ದೀನಿ ಕಣೇ. ಕಣ್ಣಿಗೆ ಬಟ್ಟೆ ಕಟ್ಟು, ಮುಚ್ಚಳ ತೆಗಿ ಸಾಕು. ಕೆಮ್ಮಿಂದು ಯಾವುದು, ಅಜೀರ್ಣದ್ದು ಯಾವುದು ಹೇಳಿಬಿಡ್ತೀನಿ. ಇಂಥ ಮೂಗಿಗೆ ವೈನು ಯಾವ ಲೆಕ್ಕ?”

“ಮೂಗೇನೋ ಸರಿ ರೀ, ಹೊಟ್ಟೆ?” ಎಂದಳು ಹೆಂಡತಿ. “ಮೊನ್ನೆ ಸೋಡಾ ಕುಡಿದು ಎರಡು ದಿನ ತೇಗಿದ್ದು ಮರೆತೋಯ್ತಾ?”

ಮೂರ್ಹೊತ್ತಣ್ಣನದು ಔಷಧಿ ಅಂಗಡಿ. ಯಾರಿಗೆ ಏನು ಕೊಟ್ಟರೂ ಪೊಟ್ಟಣದ ಮೇಲೆ ‘ದಿನಕ್ಕೆ ಮೂರು ಹೊತ್ತು, ಊಟದ ನಂತರ’ ಎಂದು ಬರೆಯುತ್ತಿದ್ದುದರಿಂದ ಗಿರಾಕಿಗಳು ಕೊಟ್ಟ ಹೆಸರು ಅದು. ಹೆಂಡತಿಯದು ಪಕ್ಕದಲ್ಲೇ ಹೊಲಿಗೆ ಅಂಗಡಿ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ನೆಪದಲ್ಲಿ ಇಬ್ಬರೂ ಬಾಗಿಲಿಗೆ ಬೀಗ ಹಾಕಿ ಏಳು ದಿನದ ಹಡಗಿನ ಪ್ರವಾಸಕ್ಕೆ ಹೊರಟಿದ್ದರು. ‘ಇಬ್ಬರ ಟಿಕೆಟ್ಟಿಗೆ ಮೂರನೆಯವರು ಉಚಿತ’ ಎಂದು ಕಾಗದದಲ್ಲಿ ಅಚ್ಚಾಗಿತ್ತು. ಉಚಿತ ಎಂಬ ಮೂರಕ್ಷರ ಕಂಡರೆ ಮೂರ್ಹೊತ್ತಣ್ಣನಿಗೆ ಮೈಮೇಲೆ ಪ್ರಜ್ಞೆ ಇರುವುದಿಲ್ಲ. ಹಾಗಾಗಿ ಅತ್ತೆಯೂ ಜೊತೆಗೆ ಬಂದರು.

ಅತ್ತೆಯೆಂದರೆ ಅಂತಿಂಥ ಅತ್ತೆಯಲ್ಲ. ಮೂವತ್ತೆಂಟು ವರ್ಷ ಹೆಣ್ಣುಮಕ್ಕಳ ಶಾಲೆ ಆಳಿದ ಮುಖ್ಯೋಪಾಧ್ಯಾಯಿನಿ. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಅವರು ಕೆಮ್ಮಿದರೆ ಸುತ್ತಲಿನವರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಮದುವೆಗೆ ಮೊದಲು ಅವರು ಮೂರ್ಹೊತ್ತಣ್ಣನನ್ನು ಕೇಳಿದ್ದು ಒಂದೇ ಪ್ರಶ್ನೆ: “ಬಾಟ್ಲಿ ಮುಟ್ತೀರಾ?”

“ಅಂಗಡೀಲಿ ಮಾತ್ರ, ಅದೂ ಟಾನಿಕ್ಕಿಂದು” ಎಂದಿದ್ದ. ಆ ಒಂದು ಉತ್ತರಕ್ಕೆ ಪೂರ್ತಿ ಅಂಕ ಬಿದ್ದು ಮಗಳು ಕೈಹಿಡಿದಿದ್ದಳು!

ಈಗ ಅದೇ ಅಳಿಯ ಊಟದ ಕೋಣೆಯ ಬಾಗಿಲಲ್ಲಿ, ಹಡಗಿನಲ್ಲಿ ವೈನು ಮಾರುವವನ ಎದುರು ನಿಂತಿದ್ದ. ಎದೆಗೆ ಬೆಳ್ಳಿಯ ದ್ರಾಕ್ಷಿಗೊಂಚಲಿನ ಪಿನ್ನು ಚುಚ್ಚಿಕೊಂಡ ಆ ಮನುಷ್ಯ ಒಂದು ಗುಟುಕು ಸುರಿದು ಕೊಟ್ಟು, “ಕಣ್ಣು ಮುಚ್ಚಿ, ಮೂಗು ತೆರೆಯಿರಿ ಸಾರ್. ಹಳೇ ಮರದ ಪರಿಮಳ ಬರ್ತಿದೆಯಲ್ಲ? ಕೊನೇಲಿ ಒದ್ದೆ ಕಲ್ಲಿನ ರುಚಿ?” ಎಂದ.

“ಬರ್ತಿದೆ, ಬರ್ತಿದೆ!” ಎಂದ ಮೂರ್ಹೊತ್ತಣ್ಣ. ನಿಜ ಹೇಳಬೇಕೆಂದರೆ ಅವನಿಗೆ ಬಂದಿದ್ದು ಅವಧಿ ಮುಗಿದ ಕೆಮ್ಮಿನ ಸಿರಪ್ಪಿನ ವಾಸನೆ.

“ಒದ್ದೆ ಕಲ್ಲನ್ನ ನೆಕ್ಕಿ ನೋಡಿದವರು ಯಾರಂತೆ?” ಎಂದು ಹೆಂಡತಿ ಕಿವಿಯಲ್ಲಿ ಕೇಳಿದಳು. ಅಷ್ಟರಲ್ಲಿ ವೈನಿನವ ತುರುಪು ಎಲೆ ಬಿಟ್ಟ. “ಪ್ಯಾಕೇಜು ತಗೊಳ್ಳಿ ಸಾರ್. ಐದು ಬಾಟ್ಲಿ ಬೆಲೆಗೆ ಏಳು. ಎರಡು ಉಚಿತ!”

ಮುಗಿಯಿತು! ಸಹಿ ಬಿತ್ತು. ‘ವಾಪಸ್ಸು ಪಡೆಯುವುದಿಲ್ಲ, ದಡಕ್ಕೆ ಒಯ್ಯುವಂತಿಲ್ಲ, ಹಡಗಿನಲ್ಲೇ ಮುಗಿಸತಕ್ಕದ್ದು’ ಎಂಬ ಸಾಲು ಕಣ್ಣಿಗೆ ಬಿದ್ದದ್ದು ಸಹಿಯ ಮಸಿ ಒಣಗಿದ ಮೇಲೆ. ಅತ್ತೆ ಎಂಬವರೊಬ್ಬರು ಇದೇ ಹಡಗಿನಲ್ಲಿದ್ದಾರೆಂಬುದು ನೆನಪಾದದ್ದು ಅದಕ್ಕೂ ಆಮೇಲೆ.

“ಈಗೇನ್ರೀ ಮಾಡ್ತೀರಾ? ಒಂದೇ ಕ್ಯಾಬಿನ್ನು, ಒಂದೇ ಟೇಬಲ್ಲು. ಅಮ್ಮನ ಮುಂದೆ ವೈನಾಗಿ ಕೂತ್ಕೊಂಡು ಕುಡೀತೀರಾ?”

“ಔಷಧಿ ಅಂಗಡಿಯವನ ತಲೆ ಕಣೇ ಇದು!” ಎಂದ ಮೂರ್ಹೊತ್ತಣ್ಣ. ಔಷಧಿ ಪೆಟ್ಟಿಗೆ ಬಿಟ್ಟು ಅವನು ಪಕ್ಕದ ಬೀದಿಗೂ ಹೋಗುವವನಲ್ಲ. ಬಾಯಿ ಮುಕ್ಕಳಿಸುವ ಔಷಧಿಯ ದೊಡ್ಡ ಕಂದು ಬಾಟಲಿಯನ್ನು ಬಚ್ಚಲಿನಲ್ಲಿ ಬರಿದು ಮಾಡಿ, ತೊಳೆದು, ಮೊದಲ ವೈನನ್ನು ಅದಕ್ಕೆ ಬಗ್ಗಿಸಿದ. ಮೇಲೆ ತನ್ನ ಮುದ್ದಾದ ಕೈಬರಹದಲ್ಲಿ ಚೀಟಿ ಅಂಟಿಸಿದ: ‘ದ್ರಾಕ್ಷಿ ಟಾನಿಕ್. ಕುಲುಕಿ ಕುಡಿಯಿರಿ.’

“ವೈನಲ್ವಂತೆ, ದ್ರಾಕ್ಷಿ ಟಾನಿಕ್ಕಂತೆ! ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು” ಎಂದಳು ಹೆಂಡತಿ. “ನೋಡಿ, ನಾನು ಹೊಲಿಗೆಯವಳು. ಅವಸರದಲ್ಲಿ ಹಾಕಿದ ಹೊಲಿಗೆ ಜನ ಸೇರಿದ ಕಡೇನೇ ಬಿಟ್ಕೊಳ್ಳೋದು.”

ಆ ಸಂಜೆ ಊಟದ ಟೇಬಲ್ಲಿನ ಮೇಲೆ ಕಂದು ಬಾಟಲಿ ಪ್ರತ್ಯಕ್ಷವಾಯಿತು. ಅತ್ತೆ ಕನ್ನಡಕ ಏರಿಸಿ ಚೀಟಿ ಓದಿದರು. “ಏನಾಗಿದೆ ಅಳಿಯಂದಿರೇ?”

“ಸಮುದ್ರದ ಗಾಳಿಗೆ ಸ್ವಲ್ಪ ನಿಶ್ಶಕ್ತಿ ಅತ್ತೆ.”

“ಅಯ್ಯೋ, ಮೊದಲೇ ಹೇಳಬಾರದಾ? ಎಷ್ಟು ಹೊತ್ತು ತಗೋಬೇಕು?”

ಮೂವತ್ತು ವರ್ಷದ ಚಾಳಿ ಸುಮ್ಮನೆ ಬಿಡುತ್ತದೆಯೇ? ಯೋಚಿಸುವ ಮೊದಲೇ ನಾಲಿಗೆ ನುಡಿದುಬಿಟ್ಟಿತು: “ದಿನಕ್ಕೆ ಮೂರು ಹೊತ್ತು, ಊಟದ ನಂತರ.”

ಅಲ್ಲಿಗೆ ಅವನ ಪಂಡಿತನಾಗುವ ಯೋಗ ಮಣ್ಣುಪಾಲಾಯಿತು. ಅತ್ತೆ ಔಷಧಿಯ ಪ್ಲಾಸ್ಟಿಕ್ ಲೋಟ ಕೈಗೆತ್ತಿಕೊಂಡರು. ಗೆರೆಗೆ ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ! ಉದ್ದ ಕಾಲಿನ ಗಾಜಿನ ಲೋಟವನ್ನು ಬೆರಳ ಸಂದಿಯಲ್ಲಿ ತಿರುಗಿಸುತ್ತ, ಸೂರ್ಯಾಸ್ತ ನೋಡುತ್ತ, ಗುಟುಕು ಗುಟುಕಾಗಿ ಹೀರುವ ಕನಸು ಕಂಡವನು ಮರುದಿನ ಬೆಳಿಗ್ಗೆ ಎಂಟಕ್ಕೆ, ತಿಂಡಿಯ ತಟ್ಟೆಯ ಮುಂದೆ, “ಹೂಂ, ಬಾಯಿ ತೆಗೀರಿ, ಒಂದೇ ಸಲಕ್ಕೆ ನುಂಗಿ” ಎಂಬ ಅಪ್ಪಣೆಯಂತೆ ವೈನು ನುಂಗಿದ! ಅದರ ಹಿಂದೆಯೇ ಅತ್ತೆ ಒಂದು ಲೋಟ ಬಿಸಿ ಹಾಲು ಕುಡಿಸಿದರು. ಹಳೇ ಮರ, ಒದ್ದೆ ಕಲ್ಲು ಎರಡೂ ಹಾಲಿನಲ್ಲಿ ಮುಳುಗಿಹೋದವು.

“ಹೇಗಿದೆ ಪರಿಮಳ, ಪಂಡಿತರೇ?” ಎಂದು ಹೆಂಡತಿ ಸೆರಗಿನಲ್ಲಿ ನಕ್ಕಳು.

ಮೂರನೆಯ ದಿನ ಅತ್ತೆ ಮಂಚದ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತ, “ಅಳಿಯಂದಿರೇ, ನಿಶ್ಶಕ್ತಿ ಅಂದ್ರೆ ನನಗೂ ಇದೆಯಪ್ಪ. ಈ ಮಂಡಿ ನೋಡಿ, ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತೆ. ನನಗೂ ಒಂದು ಡೋಸು ಕೊಡಿ” ಎಂದರು.

ಮೂರ್ಹೊತ್ತಣ್ಣ ಸಿಕ್ಕಿಬಿದ್ದ. ಇಲ್ಲ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದರೆ ನಿಜ ಹೇಳಬೇಕು. ಅವರು ಮಾತ್ರೆ ಯಾವುದನ್ನೂ ನುಂಗುವವರಲ್ಲ, ವೈನಿನಿಂದ ಅಪಾಯವಿಲ್ಲವೆಂದು ಅವನಿಗೆ ಗೊತ್ತಿತ್ತು. ದೇವರ ಮೇಲೆ ಭಾರ ಹಾಕಿ ಅರ್ಧ ಡೋಸು ಕೊಟ್ಟ. ಜೊತೆಗೇ ಒಂದು ಉಪಾಯವೂ ಹೊಳೆಯಿತು. “ಇದನ್ನ ಕುಡಿದ ಮೇಲೆ ಡೆಕ್ಕಿನ ಮೇಲೆ ನಾಲ್ಕು ಸುತ್ತು ನಡೀಬೇಕು ಅತ್ತೆ. ನಿಧಾನವಾಗಿ. ಇಲ್ಲದಿದ್ರೆ ಹತ್ತಲ್ಲ.” ಅತ್ತೆ ನಾಲ್ಕು ಸುತ್ತು ಹಾಕಿ ಬರುವಷ್ಟರಲ್ಲಿ ತಾನು ಗಾಜಿನ ಲೋಟದಲ್ಲಿ ಒಂದೆರಡು ಗುಟುಕು ನೆಮ್ಮದಿಯಾಗಿ ಹೀರಬಹುದು ಎಂಬುದು ಒಳಗಿನ ಲೆಕ್ಕಾಚಾರ.

ಹೀರಿದ್ದೇನೋ ನಿಜ. ಎರಡನೇ ಗುಟುಕಿಗೇ ಗೊರಕೆ ಹೊಡೆದದ್ದೂ ನಿಜ. ಅವನ ಹೊಟ್ಟೆಗೆ ವೈನೆಂದರೆ ಶುದ್ಧ ನಿದ್ದೆ ಔಷಧಿ!

ಆದರೆ ಅತ್ತೆಯ ಮಂಡಿ? ಮರುದಿನ ಅವರು ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿದರು. ಅದರ ಮರುದಿನ, ಡೆಕ್ಕಿನ ಮೇಲೆ ಬ್ಯಾಂಡು ಬಾರಿಸುತ್ತಿದ್ದಾಗ, ಮುಖ್ಯೋಪಾಧ್ಯಾಯಿನಿಯವರು ನಿಂತಲ್ಲೇ ಹೆಜ್ಜೆ ಹಾಕತೊಡಗಿದರು. ಅಮ್ಮ ಕುಣಿಯುವುದನ್ನು ಹುಟ್ಟಿದಾಗಿನಿಂದ ನೋಡಿರದ ಮಗಳು ಕೈಲಿದ್ದ ಐಸ್‌ಕ್ರೀಮು ಕರಗಿ ಮೊಣಕೈಗೆ ಇಳಿಯುವವರೆಗೂ ನೋಡುತ್ತಲೇ ನಿಂತಳು.

“ಅದೇನು ಮಾಡಿದ್ರಿ ತಾಯೀ?” ಎಂದು ಊರುಗೋಲಿನ ಮುದುಕಿಯೊಬ್ಬರು ಕೇಳಿದರು.

“ನನ್ನ ಅಳಿಯಂದಿರ ಟಾನಿಕ್ಕು!” ಎಂದು ಅತ್ತೆ ಇಡೀ ಡೆಕ್ಕಿಗೆ ಕೇಳುವಂತೆ ಸಾರಿದರು. ಮೂವತ್ತೆಂಟು ವರ್ಷ ಮೈಕಿಲ್ಲದೆ ಪ್ರಾರ್ಥನೆ ನಡೆಸಿದ ಗಂಟಲದು.

ಆ ದಿನ ಮಧ್ಯಾಹ್ನ ಕ್ಯಾಬಿನ್ನಿನ ಬಾಗಿಲು ತೆರೆದರೆ ಓಣಿಯುದ್ದಕ್ಕೂ ಸಾಲು! ಊರುಗೋಲು, ಬೆಲ್ಟು, ಮಂಡಿಪಟ್ಟಿ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಲೋಟ. ಅತ್ತೆ ಸಾಲು ಸರಿಮಾಡುತ್ತ ನಿಂತಿದ್ದರು. “ನೂಕಬೇಡಿ. ಒಬ್ಬೊಬ್ಬರಾಗಿ ಬನ್ನಿ. ಮಾತು ಬೇಡ.”

ಮೂರ್ಹೊತ್ತಣ್ಣ ಬಾಗಿಲು ಹಾಕಿಕೊಂಡು ಬೆವರಿದ. “ಇವರೆಲ್ಲ ಏನೇನು ಮಾತ್ರೆ ತಗೋತಾರೋ ಏನೋ! ಇವರಿಗೆ ವೈನು ಕೊಟ್ಟು ಹೆಚ್ಚುಕಡಿಮೆ ಆದರೆ? ಖಂಡಿತ ಕೊಡಲ್ಲ ಕಣೇ. ಈ ಒಂದು ವಿಷಯದಲ್ಲಿ ನಾನು ಔಷಧಿ ಅಂಗಡಿಯವನು.”

“ಮತ್ತೇನು ಕೊಡ್ತೀರಾ? ಸಾಲು ಲಿಫ್ಟ್ ತನಕ ಹೋಗಿದೆ.”

ತಿಂಡಿಯ ಕೋಣೆಯಲ್ಲಿ ನಲ್ಲಿ ತಿರುಗಿಸಿದರೆ ಬರುವ ದ್ರಾಕ್ಷಿ ರಸ ನೆನಪಿಗೆ ಬಂತು. ಹಿಂದಿನ ಮೆಟ್ಟಿಲಿನಿಂದ ಓಡಿ ಎರಡು ಜಗ್ಗು ತುಂಬಿಸಿ ತಂದ. ಎಲ್ಲರಿಗೂ ಒಂದೊಂದು ಡೋಸು, ಜೊತೆಗೆ ಡೆಕ್ಕಿನ ಮೇಲೆ ನಾಲ್ಕು ಸುತ್ತು. ಬಿಟ್ಟಿಯಾಗಿ ಕೊಟ್ಟರೂ ಮನಸ್ಸು ಕುಟುಕಿತು. ಆದರೆ ಸಂಜೆ ಹೊತ್ತಿಗೆ ಅದೇ ಮಂದಿ ನಗುತ್ತ ವಾಪಸ್ಸು ಬಂದು, “ಏನು ಕೈಗುಣ ನಿಮ್ಮದು!” ಎಂದು ತಲೆ ಸವರಿದರು. ಆರನೇ ದಿನದ ತಿಂಡಿಗೆ ದ್ರಾಕ್ಷಿ ರಸವೇ ಇಲ್ಲ. ನಲ್ಲಿ ಗೊಟಗೊಟ ಎಂದು ಗಾಳಿ ಬಿಟ್ಟಿತು.

ಆ ಗಾಳಿಯ ಬೆನ್ನಿಗೇ ಬಂತು ಬುಲಾವು: ಹಡಗಿನ ಡಾಕ್ಟರು ಕರೆಯುತ್ತಿದ್ದಾರೆ, ಬಾಟಲಿ ಸಮೇತ ಬರಬೇಕು! ಕುಂಬಳಕಾಯಿ ಕಳ್ಳನಿಗೆ ಯಾರೂ ಹೆಗಲು ಮುಟ್ಟಿ ನೋಡಿಕೊ ಎನ್ನಬೇಕಾಗಿಲ್ಲ. ಮೂರ್ಹೊತ್ತಣ್ಣ ಮೂರು ಮಹಡಿ ಇಳಿಯುವಷ್ಟರಲ್ಲಿ ಮೂವತ್ತು ಸಲ ಹಿಂದಿರುಗಿ ನೋಡಿದ. ಹೆಂಡತಿ ಅವನ ತೋಳು ಹಿಡಿದಿದ್ದಳು. ಅತ್ತೆ, “ನಾನೂ ಬರ್ತೀನಿ. ಗುಣವಾದವಳು ನಾನು, ಸಾಕ್ಷಿ ಹೇಳ್ತೀನಿ” ಎಂದು ಮುಂದೆ ಮುಂದೆ ಹೋಗುತ್ತಿದ್ದರು.

ಡಾಕ್ಟರು ನಡುವಯಸ್ಸಿನ ಹೆಂಗಸು. ಬಿಳಿ ಅಂಗಿ, ಭುಜದ ಮೇಲೆ ಚಿನ್ನದ ಪಟ್ಟಿ. ಮುಖದಲ್ಲಿ ನಗುವಿನ ಸುಳಿವಿಲ್ಲ.

“ನಿನ್ನೆ ಮಧ್ಯಾಹ್ನದಿಂದ ಮಂಡಿನೋವು ಅಂತ ನನ್ನ ಹತ್ತಿರ ಒಬ್ಬರೂ ಬಂದಿಲ್ಲ. ಎಲ್ಲ ನಿಮ್ಮ ಕ್ಯಾಬಿನ್ನಿಗೆ ಬರ್ತಿದ್ದಾರಂತೆ. ಹಡಗಿನಲ್ಲಿ ನನಗೆ ಗೊತ್ತಿಲ್ಲದೆ ಔಷಧಿ ಕೊಡೋ ಹಾಗಿಲ್ಲ. ನಾನು ಮೇಲಕ್ಕೆ ಬರೆದರೆ ನಿಮ್ಮ ಅಂಗಡಿ ಲೈಸೆನ್ಸಿಗೇ ಕುತ್ತು. ಏನಿದೆ ಇದರಲ್ಲಿ?”

ಮೂರ್ಹೊತ್ತಣ್ಣ ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ನಿಂತರು. “ಡಾಕ್ಟರಮ್ಮಾ, ಎಷ್ಟು ಸಾವಿರ ಮಕ್ಕಳ ಸುಳ್ಳು ಹಿಡಿದಿದ್ದೀನೋ ನನಗೇ ಗೊತ್ತಿಲ್ಲ. ಸುಳ್ಳು ಹೇಳೋ ಮುಖ ನನಗೆ ಬಾಗಿಲಲ್ಲೇ ಗೊತ್ತಾಗುತ್ತೆ. ಈ ಮುಖ ನೋಡಿ. ಇಪ್ಪತ್ತೈದು ವರ್ಷದಲ್ಲಿ ಇವರು ನನಗೆ ಒಂದೇ ಒಂದು ಸುಳ್ಳು ಹೇಳಿಲ್ಲ. ಟಾನಿಕ್ ಅಂದ್ರೆ ಅದು ಟಾನಿಕ್ಕೇ!”

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಲೈಸೆನ್ಸು ಹೋಗುತ್ತದೆ ಎಂದಾಗಲೂ ಅಷ್ಟು ನೋವಾಗಿರಲಿಲ್ಲ. ಈ ನಂಬಿಕೆಯನ್ನು ಮಾತ್ರ ತಡೆಯಲಾಗಲಿಲ್ಲ.

“ಅತ್ತೆ, ದಯವಿಟ್ಟು ಕೂತ್ಕೊಳ್ಳಿ” ಎಂದ. “ಅದು ಟಾನಿಕ್ ಅಲ್ಲ. ವೈನು. ಉಚಿತ ಅಂದ ತಕ್ಷಣ ಬುದ್ಧಿ ಕೆಟ್ಟು ಕೊಂಡುಬಿಟ್ಟೆ. ನಿಮಗೆ ಹೆದರಿ ಚೀಟಿ ಅಂಟಿಸಿದೆ. ನಿಮಗೆ ಕುಡಿಸಿದ್ದೂ ಅದನ್ನೇ. ತಪ್ಪಾಯ್ತು.”

ಹೆಂಡತಿ ಕಣ್ಣು ಮುಚ್ಚಿಕೊಂಡಳು. ಅತ್ತೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಶಾಲೆಯಲ್ಲಿ ಇದಾದ ಮೇಲೆಯೇ ಬೆತ್ತ ಹೊರಬರುತ್ತಿದ್ದದ್ದಂತೆ!

“ಆ ಸಾಲಿನಲ್ಲಿ ನಿಂತವರಿಗೆಲ್ಲ?” ಎಂದು ಡಾಕ್ಟರು ಕೇಳಿದರು.

“ಅವರಿಗೆ ಬರೀ ದ್ರಾಕ್ಷಿ ರಸ ಡಾಕ್ಟ್ರೇ. ನಲ್ಲೀಲಿ ಬರೋದು. ಏನೇನು ಮಾತ್ರೆ ತಗೋತಾರೋ ಗೊತ್ತಿಲ್ವಲ್ಲ, ಹೆದರಿಕೆಯಾಯ್ತು.”

ಡಾಕ್ಟರು ಬಾಟಲಿ ಮೂಸಿದರು, ಚೀಟಿ ಓದಿದರು, ಆಮೇಲೆ ತಡೆಯಲಾರದೆ ನಕ್ಕುಬಿಟ್ಟರು. “ರಸ ಕುಡಿದವರಿಗೂ ಗುಣವಾಗಿದೆ! ಅಂದ್ರೆ ಕೆಲಸ ಮಾಡಿದ್ದು ಬಾಟ್ಲಿ ಅಲ್ಲ, ಆ ನಾಲ್ಕು ಸುತ್ತು. ನಾನು ಬಾಯಿ ನೋವು ಬರೋ ಹಾಗೆ ಹೇಳಿದ್ರೂ ಇವರು ಯಾರೂ ಕುರ್ಚಿ ಬಿಟ್ಟು ಏಳ್ತಿರಲಿಲ್ಲ. ಈ ಸಲ ಬಿಟ್ಟಿದ್ದೀನಿ. ಇವತ್ತೇ ಎಲ್ಲರಿಗೂ ನಿಜ ಹೇಳಿಬಿಡಿ, ಇನ್ಮೇಲೆ ಚೀಟಿ ಅಂಟಿಸಬೇಡಿ.”

ಮೂರ್ಹೊತ್ತಣ್ಣ ಮೆಲ್ಲಗೆ ಅತ್ತೆಯ ಕಡೆ ತಿರುಗಿದ. ಅತ್ತೆ ಇನ್ನೂ ಏನೋ ಲೆಕ್ಕ ಹಾಕುತ್ತಿದ್ದರು.

“ಒಂದು ನಿಮಿಷ ಅಳಿಯಂದಿರೇ. ಅಷ್ಟು ಜನಕ್ಕೂ ಕೊಟ್ಟಿದ್ದು ನಲ್ಲಿ ರಸ?”

“ಹೌದತ್ತೆ.”

“ನನಗೊಬ್ಬಳಿಗೇ ಅಸಲಿ ಮಾಲು?”

“ಹ... ಹೌದತ್ತೆ.”

ಅತ್ತೆಯ ಮುಖ ಅರಳಿತು. “ನೋಡಿದ್ರಾ ಡಾಕ್ಟರಮ್ಮಾ? ಎಷ್ಟು ಜನ ಸಾಲು ನಿಂತರೂ ಅತ್ತೆಗೆ ಮಾತ್ರ ಅಸಲಿ! ಇಂಥ ಅಳಿಯ ಎಲ್ಲಿ ಸಿಗ್ತಾನೆ?” ಎಂದವರು ಮರುಕ್ಷಣವೇ ಹುಬ್ಬು ಗಂಟಿಕ್ಕಿದರು. “ಹಾಗಂತ ಸುಳ್ಳಿಗೆ ಶಿಕ್ಷೆ ಇಲ್ಲ ಅನ್ಕೋಬೇಡಿ. ಉಳಿದ ಬಾಟ್ಲಿ ಎಲ್ಲ ನನ್ನ ವಶಕ್ಕೆ!”

ಕಡೆಯ ದಿನ, ಹೊತ್ತು ಮುಳುಗುವ ಹೊತ್ತಿಗೆ, ಕಿಟಕಿಯ ಪಕ್ಕದ ಟೇಬಲ್ಲಿನಲ್ಲಿ ಮೂವರೂ ಕೂತರು. ಸಾಲಿನಲ್ಲಿ ನಿಂತಿದ್ದವರೆಲ್ಲ ನಿಜ ತಿಳಿದು ನಕ್ಕು, ತಮ್ಮ ತಮ್ಮ ಸುತ್ತು ಮುಗಿಸಿ ಕೈಬೀಸುತ್ತ ಹೋದರು. ಮೂರ್ಹೊತ್ತಣ್ಣನ ಮುಂದೆ ಬೆಚ್ಚಗಿನ ನೀರು. ಹೆಂಡತಿ ಉದ್ದ ಕಾಲಿನ ಲೋಟದಲ್ಲಿ ಒಂದು ಗುಟುಕು ಕುಡಿದು, ಮುಖ ಸಿಂಡರಿಸಿ, ಲೋಟ ಪಕ್ಕಕ್ಕಿಟ್ಟು, ಟೇಬಲ್ಲಿನ ಕೆಳಗೆ ಗಂಡನ ಕೈ ಹಿಡಿದುಕೊಂಡಳು. ಇಪ್ಪತ್ತೈದು ವರ್ಷದಲ್ಲಿ ಅಂಗಡಿ ಬಿಟ್ಟು ಬಂದು ಅವರು ಒಟ್ಟಿಗೆ ಸೂರ್ಯ ಮುಳುಗುವುದನ್ನು ನೋಡಿರಲೇ ಇಲ್ಲ. ವೈನಿಲ್ಲದಿದ್ದರೇನಂತೆ, ಜೀವಕ್ಕೆ ಹಿತವಾಗಿಯೇ ಇತ್ತು.

ಅತ್ತೆ ಮಾತ್ರ ಲೋಟವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ, ನಾಲಿಗೆಯ ಮೇಲೆ ಹೊರಳಿಸಿ, ಕಣ್ಣು ಮುಚ್ಚಿ ಗಂಭೀರವಾಗಿ ಕೂತರು. ಬೆಳ್ಳಿ ಪಿನ್ನಿನ ವೈನಿನವ ಉಸಿರು ಬಿಗಿಹಿಡಿದು ನಿಂತಿದ್ದ.

“ನೂರಕ್ಕೆ ನಲವತ್ತು” ಎಂದು ತೀರ್ಪು ಕೊಟ್ಟರು ಅತ್ತೆ. “ಜಸ್ಟ್ ಪಾಸು. ಅಳಿಯಂದಿರೇ, ಕುಡಿಯೋಕೆ ಬರದಿದ್ರೆ ಹೋಗಲಿ, ಆರಿಸೋಕಾದ್ರೂ ಬರಬಾರದಾ?”